ಟೆಕ್ಸಸ್ ನರ್ಸಿಂಗ್ ಲೈಸೆನ್ಸ್ ರಿನೀವಲ್: ಕಾಲು ಗಂಟೆಯ ಫಾರ್ಮು, ಎರಡು ವರ್ಷದ ಲೆಕ್ಕ

ರಾತ್ರಿ ಮೂರು ಗಂಟೆ ಇರಬೇಕು. ಬ್ರೇಕ್ ರೂಮಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಎರಡು ವರ್ಷದ ಸರ್ಟಿಫಿಕೇಟುಗಳ ಗಂಟೆ ಕೂಡುತ್ತಿದ್ದೆ. ಇಪ್ಪತ್ತಮೂರು ಬಂತು. ಲೈಸೆನ್ಸ್ ರಿನೀವ್ ಆಗಲು ಎರಡು ವರ್ಷದಲ್ಲಿ ಕೋರ್ಸ್ ಮಾಡಿ ಮುಗಿಸಬೇಕಾದದ್ದು ಇಪ್ಪತ್ತು ಗಂಟೆ. ಮೂರು ಜಾಸ್ತಿಯೇ ಇದೆ ಅಂತ ನೆಮ್ಮದಿಯಾಗಿ ತುತ್ತು ಬಾಯಿಗಿಟ್ಟೆ.

ಎದುರು ಕೂತಿದ್ದ ಸೀನಿಯರ್ ಫೋನ್ ಈಸಿಕೊಂಡರು. ನಾವೆಲ್ಲ ಅವರನ್ನು ಚೇಚಿ, ಮಲಯಾಳದಲ್ಲಿ ಅಕ್ಕ, ಅಂತಲೇ ಕರೆಯುವುದು. ಮಂಗಳೂರಿನಲ್ಲಿ ಓದಿದವರು, ಕನ್ನಡ ಚೆನ್ನಾಗಿ ಬರುತ್ತದೆ. ಒಂದೊಂದೇ ಸರಿಸುತ್ತಾ ಹೋದರು. "ಇದು ಸಿಪಿಆರ್, ನಾಲ್ಕು ಗಂಟೆ. ಲೆಕ್ಕಕ್ಕಿಲ್ಲ ಮಗಳೇ. ಇದು ನಮ್ಮ ಯೂನಿಟ್‌ನಲ್ಲಿ ಹೊಸ ಪಂಪ್ ತೋರಿಸಿದ್ದು. ಇದೂ ಇಲ್ಲ. ಇದೂ ಅದೇ." ಅಲ್ಲಿಗೆ ಇನ್ನೈದು ಹೋಯಿತು. ಉಳಿದದ್ದು ಹದಿನಾಲ್ಕು. ಲೈಸೆನ್ಸ್ ಮುಗಿಯಲು ಇದ್ದದ್ದು ಹನ್ನೊಂದು ದಿನ.

ಆರು ಗಂಟೆ ಹೇಗೋ ಮುಗಿಸಿದೆ. ಡ್ಯೂಟಿ ಮುಗಿಸಿ ಬಂದು, ಕಣ್ಣು ಎಳೆಯುತ್ತಿದ್ದರೂ ಕಾಫಿ ಕುಡಿದು ಲ್ಯಾಪ್‌ಟಾಪ್ ಮುಂದೆ ಕೂತು ಮುಗಿಸಿದೆ. ಆಮೇಲಿಂದ ಊರಿನ ಕಡೆಯ ಹುಡುಗಿಯರು ಯಾರಾದರೂ "ಅಕ್ಕಾ, ರಿನೀವಲ್ ಹೇಗೆ ಮಾಡೋದು?" ಅಂತ ಕೇಳಿದರೆ ಮೊದಲು ಫಾರ್ಮು ತುಂಬುವ ಆನ್‌ಲೈನ್ ಪೋರ್ಟಲ್ ಬಗ್ಗೆ ಹೇಳುವುದೇ ಇಲ್ಲ. ಸರ್ಟಿಫಿಕೇಟ್ ತೋರಿಸು ಅನ್ನುತ್ತೇನೆ. ಪೋರ್ಟಲ್ ಕೆಲಸ ಕಾಲು ಗಂಟೆಯದು. ಅದರ ಹಿಂದಿನ ಎರಡು ವರ್ಷದಲ್ಲೇ ಎಲ್ಲರೂ ಎಡವುವುದು.

ಇದು ಟೆಕ್ಸಸ್ ಲೆಕ್ಕ. ಅಮೆರಿಕದಲ್ಲಿ ನರ್ಸಿಂಗ್ ಲೈಸೆನ್ಸ್ ಕೊಡುವುದು ದೇಶವಲ್ಲ, ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ ಬ್ಯಾಚ್‌ಮೇಟ್ ಮೂವತ್ತು ಗಂಟೆ ಅಂದರೆ ಅದು ಅವಳ ರಾಜ್ಯಕ್ಕೆ ಸರಿ, ನಿಮಗಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ.

ಮೊದಲು ನಿಮ್ಮ ತಾರೀಖು ಗೊತ್ತಿರಲಿ

ಟೆಕ್ಸಸ್ ಬೋರ್ಡ್ ಆಫ್ ನರ್ಸಿಂಗ್ ಲೈಸೆನ್ಸನ್ನು ನೀವು ಹುಟ್ಟಿದ ತಿಂಗಳಿಗೆ ಕಟ್ಟಿಹಾಕಿದೆ. ಎರಡು ವರ್ಷಕ್ಕೊಮ್ಮೆ, ಹುಟ್ಟಿದ ತಿಂಗಳ ಕೊನೆಯ ದಿನ ಅದು ಮುಗಿಯುತ್ತದೆ. ಬೆಸ ಸಂಖ್ಯೆಯ ವರ್ಷದಲ್ಲಿ ಹುಟ್ಟಿದವರದು ಬೆಸ ವರ್ಷಗಳಲ್ಲಿ, ಸಮ ಸಂಖ್ಯೆಯ ವರ್ಷದಲ್ಲಿ ಹುಟ್ಟಿದವರದು ಸಮ ವರ್ಷಗಳಲ್ಲಿ. 1987ರ ಆಗಸ್ಟ್‌ನಲ್ಲಿ ಹುಟ್ಟಿದವರ ಲೈಸೆನ್ಸ್ 2025ರ ಆಗಸ್ಟ್ 31ಕ್ಕೆ ಮುಗಿದು, ಮತ್ತೆ 2027ರ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಕೆಲವರದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜನ್ಮದಿನಾಂಕ ಅಲ್ವಾ, ಹಬ್ಬ ಮಾಡುವ ಹುಟ್ಟುಹಬ್ಬ ಬೇರೆ ಇರುತ್ತದೆ. ಬೋರ್ಡ್‌ಗೆ ಬೇಕಾಗಿರುವುದು ಪಾಸ್‌ಪೋರ್ಟಿನ ತಾರೀಖು.

ಮೊದಲ ಲೈಸೆನ್ಸ್ ಮಾತ್ರ ಸ್ವಲ್ಪ ವಿಚಿತ್ರ. ಈ ಚಕ್ರಕ್ಕೆ ಹೊಂದಿಸಲು ಅದನ್ನು 6ರಿಂದ 29 ತಿಂಗಳವರೆಗೆ ಎಷ್ಟಕ್ಕಾದರೂ ಕೊಡುತ್ತಾರೆ. ಬೆಂಗಳೂರಿನಲ್ಲೇ ಎನ್‌ಕ್ಲೆಕ್ಸ್ ಅನ್ನುವ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಬರೆದು ಪಾಸಾಗಿ 2026ರ ಮಾರ್ಚ್‌ನಲ್ಲಿ ಲೈಸೆನ್ಸ್ ಪಡೆದವಳು 1994ರ ಮೇ ತಿಂಗಳಲ್ಲಿ ಹುಟ್ಟಿದ್ದರೆ, ಎರಡೇ ತಿಂಗಳಲ್ಲಿ ಮುಗಿಯುವ ಲೈಸೆನ್ಸ್ ಕೊಡುವುದಿಲ್ಲ. ಅವಳದು 2028ರ ಮೇ ಕೊನೆಯವರೆಗೆ ನಡೆಯುತ್ತದೆ. ಅದೇ ರೂಮಿನ ಇನ್ನೊಬ್ಬಳದು ಹದಿನೇಳು ತಿಂಗಳಿಗೇ ಮುಗಿಯಬಹುದು. "ನಿನಗೆ ಯಾಕೆ ಜಾಸ್ತಿ, ನನಗೆ ಯಾಕೆ ಕಮ್ಮಿ" ಅಂತ ತಲೆ ಕೆಡಿಸಿಕೊಳ್ಳುವುದು ಬೇಡ.

ಹೊಸಬರಿಗೆ ಒಂದು ಒಳ್ಳೆಯ ಸುದ್ದಿ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದರೂ, ಬೇರೆ ರಾಜ್ಯದಿಂದ ಎಂಡಾರ್ಸ್‌ಮೆಂಟ್ ಮೂಲಕ, ಅಂದರೆ ಅಲ್ಲಿನ ಲೈಸೆನ್ಸ್ ಆಧಾರದ ಮೇಲೆ ಬಂದಿದ್ದರೂ, ಮೊದಲ ರಿನೀವಲ್‌ಗೆ ಇಪ್ಪತ್ತು ಗಂಟೆಯ ನಿಯಮ ಇಲ್ಲ. ಆದರೆ ಇದನ್ನು ಕೇಳಿ ಸುಮ್ನೆ ಕೂತವರಿಗೆ ಎರಡನೇ ಸಲ ಪೆಟ್ಟು ಬೀಳುತ್ತದೆ, ಏಕೆಂದರೆ ಅಭ್ಯಾಸವೇ ಆಗಿರುವುದಿಲ್ಲ. ಎಮರ್ಜೆನ್ಸಿ ರೂಮಿನಲ್ಲಿ ಕೆಲಸಕ್ಕೆ ಸೇರಿದ್ದರೆ ಇನ್ನೂ ಒಂದು ಮಾತಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಾಗದದ ಲೈಸೆನ್ಸ್ ಕಾರ್ಡ್ ಎಲ್ಲಿ ಅಂತ ಹುಡುಕಬೇಡಿ. ಟೆಕ್ಸಸ್‌ನಲ್ಲಿ ಆ ಕಾರ್ಡ್ 2008ರಿಂದಲೇ ನಿಂತುಹೋಗಿದೆ. ನಿಮ್ಮ ಲೈಸೆನ್ಸ್ ಅಂದರೆ ಬೋರ್ಡ್‌ನ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹಾಕಿದಾಗ ಬರುವ ಸಾಲು, ಅಷ್ಟೇ. ಆಸ್ಪತ್ರೆಯವರು ನೋಡುವುದೂ ಅದನ್ನೇ. ನರ್ಸಿಸ್ ಅನ್ನುವ ರಾಷ್ಟ್ರಮಟ್ಟದ ತಾಣದಲ್ಲಿ ಇ-ನೋಟಿಫೈ ಅಂತ ಒಂದು ಸೌಲಭ್ಯ ಇದೆ. ದುಡ್ಡಿಲ್ಲ. ನೋಂದಾಯಿಸಿಕೊಂಡರೆ ಅವಧಿ ಮುಗಿಯುವ ಮುಂಚೆ ನೆನಪಿನ ಸಂದೇಶ ಕಳಿಸುತ್ತದೆ. ಈ ಲೇಖನ ಓದಿ ಬೇರೇನೂ ಮಾಡದಿದ್ದರೂ ಇವತ್ತು ಇದೊಂದು ಮಾಡಿ.

ಇಪ್ಪತ್ತು ಗಂಟೆ: ಯಾವುದು ಲೆಕ್ಕಕ್ಕುಂಟು, ಯಾವುದು ಇಲ್ಲ

ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಲಿ ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಶನಲ್ ನರ್ಸ್) ಆಗಲಿ, ಟೆಕ್ಸಸ್‌ನಲ್ಲಿ ಎರಡು ವರ್ಷಕ್ಕೆ 20 ಕಾಂಟ್ಯಾಕ್ಟ್ ಅವರ್, ಅಂದರೆ ಸಿಇ (ಮುಂದುವರಿದ ಕಲಿಕೆ) ಕೋರ್ಸ್‌ಗಳ ಗಂಟೆ, ಬೇಕು. ಇಬ್ಬರಿಗೂ ಬೋರ್ಡ್ ಒಂದೇ. ಮೊದಲು ಎರಡಿದ್ದವು, 2004ರಲ್ಲಿ ಒಂದು ಮಾಡಿದರು.

ಒಂದು ಕಾಂಟ್ಯಾಕ್ಟ್ ಅವರ್ ಅಂದರೆ ಇಲ್ಲಿ ಪೂರ್ತಿ 60 ನಿಮಿಷ. ಕೆಲವು ಸರ್ಟಿಫಿಕೇಟುಗಳಲ್ಲಿ ಗಂಟೆಯ ಬದಲು ಸಿಇಯು ಅಂತ ಬರೆದಿರುತ್ತಾರೆ. ಒಂದು ಸಿಇಯು ಅಂದರೆ ಹತ್ತು ಗಂಟೆ. ಹಾಗಾಗಿ 0.2 ಸಿಇಯು ಅಂತ ಇದ್ದರೆ ಅದು ಎರಡು ಗಂಟೆ. ನನ್ನ ಗೆಳತಿಯೊಬ್ಬಳು ಇದನ್ನು ಹನ್ನೆರಡು ನಿಮಿಷ ಅಂತ ತಿಳಿದುಕೊಂಡು ಒಂದೇ ವಾರದಲ್ಲಿ ಮತ್ತೆರಡು ಕೋರ್ಸ್ ಮಾಡಿದ್ದಳು. ನಷ್ಟವೇನೂ ಇಲ್ಲ ಬಿಡಿ, ನಿದ್ದೆ ಹಾಳಾಯಿತು.

ಗಂಟೆಗಳು ನೀವು ಕೆಲಸ ಮಾಡುವ ವಿಭಾಗಕ್ಕೆ ಸಂಬಂಧಪಟ್ಟಿರಬೇಕು. ನಾನಿರುವುದು ಟೆಲಿಮೆಟ್ರಿ ಫ್ಲೋರ್‌ನಲ್ಲಿ, ಅಂದರೆ ರೋಗಿಗಳ ಹೃದಯ ಬಡಿತವನ್ನು ಸದಾ ಮಾನಿಟರ್‌ನಲ್ಲಿ ನೋಡುವ ವಾರ್ಡಿನಲ್ಲಿ. ಇಸಿಜಿ ಓದುವುದು, ಹಾರ್ಟ್ ಫೇಲ್ಯೂರ್, ರಕ್ತ ತೆಳುವಾಗಿಸುವ ಔಷಧಿಗಳು, ಸಕ್ಕರೆ ಕಾಯಿಲೆ, ಇವೆಲ್ಲ ನನಗೆ ನೇರವಾಗಿ ಬರುತ್ತವೆ. ನವಜಾತ ಶಿಶುಗಳಿಗೆ ಹಾಲೂಡಿಸುವ ಬಗ್ಗೆ ಚಂದದ ಉಚಿತ ಕೋರ್ಸ್ ಸಿಕ್ಕಿತು ಅಂತ ನಾನು ಮಾಡಿದರೆ, ನಾಳೆ ಆಡಿಟ್‌ನಲ್ಲಿ "ಇದಕ್ಕೂ ನಿಮ್ಮ ಕೆಲಸಕ್ಕೂ ಏನಮ್ಮ ಸಂಬಂಧ" ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಹೆರಿಗೆ ವಾರ್ಡಿನವಳಿಗೆ ಅದೇ ಕೋರ್ಸ್ ಬಂಗಾರ.

ಜೊತೆಗೆ ಕೋರ್ಸ್ ಕೊಟ್ಟ ಸಂಸ್ಥೆಗೆ ಬೋರ್ಡ್ ಒಪ್ಪುವ ಮಾನ್ಯತೆ ಇರಬೇಕು. ಬೋರ್ಡ್ ತಾನೇ ಒಂದೊಂದು ಕೋರ್ಸನ್ನೂ ನೋಡಿ ಮುದ್ರೆ ಒತ್ತುವುದಿಲ್ಲ. ಯಾವ ಯಾವ ಮಾನ್ಯತಾ ಸಂಸ್ಥೆಗಳನ್ನು ಒಪ್ಪುತ್ತೇವೆ ಅಂತ ಪಟ್ಟಿ ಕೊಡುತ್ತದೆ. ಅಮೆರಿಕನ್ ನರ್ಸಸ್ ಕ್ರೆಡೆನ್ಶಿಯಲಿಂಗ್ ಸೆಂಟರ್ ಅದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಸರ್ಟಿಫಿಕೇಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, "ಇಂಥವರಿಂದ ಮಾನ್ಯತೆ ಪಡೆದಿದೆ" ಅಂತ. ಕೋರ್ಸ್ ಮುಗಿಸಿದ ಮೇಲೆ ಅದನ್ನು ಹುಡುಕುವುದಲ್ಲ, ಶುರು ಮಾಡುವ ಮುಂಚೆಯೇ ಹುಡುಕಬೇಕು.

ಈಗ ಬಹಳ ಜನ ಬೀಳುವ ಗುಂಡಿ. ಕೆಳಗಿನವು ಲೆಕ್ಕಕ್ಕೆ ಬರುವುದಿಲ್ಲ:

- ಬೇಸಿಕ್ ಸಿಪಿಆರ್, ಅಂದರೆ ನಾವೆಲ್ಲ ಬಿಎಲ್‌ಎಸ್ ಅನ್ನುವುದು
- ಆಸ್ಪತ್ರೆಯ ಓರಿಯೆಂಟೇಶನ್
- ಯೂನಿಟ್‌ನ ಇನ್‌ಸರ್ವಿಸ್: ಹೊಸ ಪಂಪ್, ಹೊಸ ಚಾರ್ಟಿಂಗ್, ವರ್ಷ ವರ್ಷದ ಬೆಂಕಿ ಸುರಕ್ಷತೆ ಪಾಠ
- ನರ್ಸಿಂಗ್ ರಿಫ್ರೆಶರ್ ಕೋರ್ಸ್
- ಹಣ ಹೂಡಿಕೆ, ತೂಕ ಇಳಿಸುವುದು, ಯೋಗ, ವ್ಯಕ್ತಿತ್ವ ವಿಕಸನ ಇಂಥವು

ಯೋಗದ ವಿಷಯ ಓದಿ ನನಗೆ ನಗು ಬಂತು. ನಮ್ಮವರೇ ಯಾರೋ ಕಳಿಸಿರಬೇಕು ಅನಿಸಿತು. ದೊಡ್ಡವರ ಮತ್ತು ಮಕ್ಕಳ ಜೀವ ಉಳಿಸುವ ಮೇಲ್ಮಟ್ಟದ ತರಬೇತಿಗಳಾದ ಎಸಿಎಲ್‌ಎಸ್, ಪಿಎಎಲ್‌ಎಸ್ ಬೇರೆ. ಮಾನ್ಯತೆ ಇರುವ ಸಂಸ್ಥೆ ಅವಕ್ಕೆ ಕಾಂಟ್ಯಾಕ್ಟ್ ಅವರ್ ಕೊಟ್ಟಿದ್ದರೆ ಇಟ್ಟುಕೊಳ್ಳಬಹುದು. ಕೊಟ್ಟಿದ್ದಾರಾ ಅನ್ನುವುದು ಕಾರ್ಡಿನಲ್ಲಿ ಇರುವುದಿಲ್ಲ, ಬೇರೆ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಬೇಕು.

ಇನ್‌ಸರ್ವಿಸ್ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಏಕೆಂದರೆ ಆಸ್ಪತ್ರೆಯ ಅದೇ ಕಂಪ್ಯೂಟರಿನಲ್ಲಿ, ಅದೇ ಪಟ್ಟಿಯಲ್ಲಿ, ನಿಜವಾದ ಸಿಇ ಕೋರ್ಸ್‌ಗಳೂ ಇರುತ್ತವೆ. ಎರಡಕ್ಕೂ "ಪೂರ್ಣಗೊಂಡಿದೆ" ಅಂತ ಹಸಿರು ಗುರುತು ಬರುತ್ತದೆ. ನಾನು ಬಿದ್ದದ್ದು ಹೀಗೇ. ನೋಡಬೇಕಾದದ್ದು ಹಸಿರು ಗುರುತನ್ನಲ್ಲ, ಸರ್ಟಿಫಿಕೇಟಿನಲ್ಲಿ ಕಾಂಟ್ಯಾಕ್ಟ್ ಅವರ್ ಸಂಖ್ಯೆಯೂ ಮಾನ್ಯತೆಯ ಸಾಲೂ ಇದೆಯಾ ಅನ್ನುವುದನ್ನು.

ಇಪ್ಪತ್ತು ಗಂಟೆಗೆ ಒಂದು ಬದಲಿ ದಾರಿಯೂ ಇದೆ. ನಿಮ್ಮ ವಿಭಾಗದಲ್ಲಿ ಬೋರ್ಡ್ ಒಪ್ಪಿರುವ ರಾಷ್ಟ್ರೀಯ ಸರ್ಟಿಫಿಕೇಶನ್, ಉದಾಹರಣೆಗೆ ಐಸಿಯುನವರ ಸಿಸಿಆರ್‌ಎನ್, ಈ ಎರಡು ವರ್ಷದಲ್ಲಿ ಪಡೆದಿದ್ದರೆ ಅಥವಾ ಚಾಲ್ತಿಯಲ್ಲಿಟ್ಟುಕೊಂಡಿದ್ದರೆ ಅದೇ ಸಾಕು. ಓದು ಮುಂದುವರಿಸುತ್ತಿರುವವರಿಗಂತೂ ಬಹಳ ಅನುಕೂಲ. ಕಾಲೇಜಿನ ಒಂದು ಸೆಮಿಸ್ಟರ್ ಕ್ರೆಡಿಟ್‌ಗೆ 15 ಕಾಂಟ್ಯಾಕ್ಟ್ ಅವರ್. ಮೂರು ಕ್ರೆಡಿಟ್‌ನ ಒಂದೇ ವಿಷಯಕ್ಕೆ 45 ಗಂಟೆ ಆಯಿತು. ವಿಷಯ ನಿಮ್ಮ ಕೆಲಸಕ್ಕೆ ಸಂಬಂಧಪಟ್ಟಿರಬೇಕು, ಸಿ ಗ್ರೇಡ್‌ಗಿಂತ ಕೆಳಗೆ ಇಳಿದಿರಬಾರದು.

ನಲವತ್ತೈದಾಯಿತಲ್ಲ, ಉಳಿದ ಇಪ್ಪತ್ತೈದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳೋಣ ಅಂದರೆ ಆಗುವುದಿಲ್ಲ. ಜಾಸ್ತಿಯಾದ ಗಂಟೆ ಮುಂದಕ್ಕೆ ಹೋಗುವುದಿಲ್ಲ. ಮೇಲೆ ಹೇಳಿದ 1987ರ ಆಗಸ್ಟ್‌ನಲ್ಲಿ ಹುಟ್ಟಿದವರ ಲೆಕ್ಕ 2025ರ ಸೆಪ್ಟೆಂಬರ್ 1ರಿಂದ 2027ರ ಆಗಸ್ಟ್ 31ರವರೆಗೆ. ಅದರಾಚೆಗಿನ ತಾರೀಖು ಇರುವ ಸರ್ಟಿಫಿಕೇಟ್ ಎಷ್ಟು ಚೆನ್ನಾಗಿದ್ದರೂ ಈ ಸಲಕ್ಕೆ ಇಲ್ಲ.

ಇಪ್ಪತ್ತರ ಒಳಗಿನ ಕಡ್ಡಾಯಗಳು

ಇಪ್ಪತ್ತು ಗಂಟೆ ತುಂಬಿಸಿದರೂ ಕೆಲವು ವಿಷಯ ಅದರಲ್ಲಿ ಇರಲೇಬೇಕು. ಎಲ್ಲರಿಗೂ ಎಲ್ಲವೂ ಅಲ್ಲ.

ನರ್ಸಿಂಗ್ ಜ್ಯೂರಿಸ್‌ಪ್ರುಡೆನ್ಸ್ ಮತ್ತು ಎಥಿಕ್ಸ್ ಎಲ್ಲರಿಗೂ ಬೇಕು. ಟೆಕ್ಸಸ್‌ನ ನರ್ಸಿಂಗ್ ಕಾನೂನು, ನೀತಿ ನಿಯಮ. ಪ್ರತಿ ಮೂರನೇ ರಿನೀವಲ್ ಒಳಗೆ, ಅಂದರೆ ಆರು ವರ್ಷಕ್ಕೊಮ್ಮೆ, ಎರಡು ಗಂಟೆ. ಆರು ವರ್ಷ ಅಂದಾಕ್ಷಣ ಮರೆತುಹೋಗುತ್ತದೆ. ಎರಡು ಮನೆ ಬದಲಾಗಿರುತ್ತವೆ, ಒಂದು ಮಗು ಶಾಲೆಗೆ ಸೇರಿರುತ್ತದೆ. ನಾನು ಪ್ರತಿ ಎರಡು ವರ್ಷಕ್ಕೂ ಇದನ್ನು ಮಾಡಿಬಿಡುತ್ತೇನೆ. ಎಣಿಸುವ ಗೊಡವೆ ಇಲ್ಲ, ಹೇಗೂ ಇಪ್ಪತ್ತರಲ್ಲಿ ಎರಡು ತುಂಬುತ್ತದೆ. ಬೋರ್ಡ್ ತಾನೇ ನಡೆಸುವ ಕೋರ್ಸ್ ಇದೆ, ದುಡ್ಡು ಕೊಟ್ಟರೂ ಚಿಂತೆಯಿಲ್ಲ. ಸುಮ್ನೆ ಗಂಟೆಗೋಸ್ಕರ ಅಂತ ಕೂತೆ, ಆದರೆ ಡಾಕ್ಟರ್ ಆರ್ಡರ್ ತಪ್ಪು ಅನಿಸಿದಾಗ ಬರವಣಿಗೆಯಲ್ಲಿ ಏನು ಮಾಡಬೇಕು ಅನ್ನುವ ಭಾಗ ನಿಜಕ್ಕೂ ಕೆಲಸಕ್ಕೆ ಬಂತು.

ವಯಸ್ಸಾದವರನ್ನು ನೋಡಿಕೊಳ್ಳುವುದು ನಿಮ್ಮ ಕೆಲಸದ ಭಾಗವಾಗಿದ್ದರೆ, ಪ್ರತಿ ರಿನೀವಲ್‌ಗೂ ಆ ವಿಷಯದಲ್ಲಿ ಎರಡು ಗಂಟೆ. "ನಾನು ವೃದ್ಧಾಶ್ರಮದಲ್ಲಿಲ್ಲವಲ್ಲ" ಅನ್ನಬೇಡಿ. ಮೆಡ್‌ಸರ್ಜ್ (ಸಾಮಾನ್ಯ ಚಿಕಿತ್ಸೆ, ಶಸ್ತ್ರಚಿಕಿತ್ಸೆಯ ವಾರ್ಡ್), ಟೆಲಿಮೆಟ್ರಿ, ಡಯಾಲಿಸಿಸ್, ಮನೆಮನೆಗೆ ಹೋಗುವ ಹೋಮ್ ಹೆಲ್ತ್, ಎಲ್ಲಿ ನೋಡಿದರೂ ಹಾಸಿಗೆ ಮೇಲೆ ಅಜ್ಜ ಅಜ್ಜಿಯರೇ ಅಲ್ವಾ. ಮಕ್ಕಳ ವಾರ್ಡು, ಹೆರಿಗೆ ವಾರ್ಡಿನವರು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲರೂ ಇದರಲ್ಲಿ ಬರುತ್ತಾರೆ.

ರೋಗಿಗಳನ್ನು ನೇರವಾಗಿ ನೋಡಿಕೊಳ್ಳುವವರು ಮಾನವ ಕಳ್ಳಸಾಗಣೆ ತಡೆಯುವ ಬಗ್ಗೆ ಒಂದು ಕೋರ್ಸ್ ಮಾಡಬೇಕು. 2020ರ ಸೆಪ್ಟೆಂಬರ್‌ನಿಂದ ಈ ನಿಯಮ ಬಂತು, ಪ್ರತಿ ರಿನೀವಲ್‌ಗೂ ಹೊಸದಾಗಿ. ಇಲ್ಲಿ ಒಂದು ಸೂಕ್ಷ್ಮ ಇದೆ. ವಿಷಯ ಅದೇ ಆಗಿದ್ದರೆ ಸಾಲದು. ಟೆಕ್ಸಸ್ ರಾಜ್ಯದ ಹೆಲ್ತ್ ಅಂಡ್ ಹ್ಯೂಮನ್ ಸರ್ವಿಸಸ್ ಕಮಿಷನ್ ಒಪ್ಪಿದ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರು ಇರಬೇಕು. ಆಸ್ಪತ್ರೆಯವರು ಮಾಡಿಸಿದ ಪಾಠ ಆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ. ಕಮಿಷನ್‌ನ ತಾಣದಲ್ಲಿ ಪಟ್ಟಿ ಹಾಕಿದ್ದಾರೆ.

ಎಮರ್ಜೆನ್ಸಿ ರೂಮಿನವರಿಗೆ ಅಪರಾಧಕ್ಕೆ ಸಂಬಂಧಪಟ್ಟ ಸಾಕ್ಷ್ಯ ಸಂಗ್ರಹಿಸುವ ಬಗ್ಗೆ ಎರಡು ಗಂಟೆ. ಇದು ಜೀವನದಲ್ಲಿ ಒಂದೇ ಸಲ, ಇಆರ್‌ಗೆ ಸೇರಿದ ಎರಡು ವರ್ಷದೊಳಗೆ. ಬೇರೆ ಫ್ಲೋರ್‌ನಿಂದ ಇಆರ್‌ಗೆ ಫ್ಲೋಟ್ ಆಗುವವರಿಗೂ, ಏಜೆನ್ಸಿ ಮೂಲಕ ಹೋಗುವವರಿಗೂ ಅನ್ವಯ. ಹೊಸಬರಿಗೆ ಇಪ್ಪತ್ತು ಗಂಟೆಯ ವಿನಾಯಿತಿ ಇದ್ದರೂ ಇದಕ್ಕೆ ವಿನಾಯಿತಿ ಇಲ್ಲ. ಮೊದಲು ಹೇಳುತ್ತೇನೆ ಅಂದಿದ್ದು ಇದನ್ನೇ. ರಾಷ್ಟ್ರೀಯ ಸರ್ಟಿಫಿಕೇಶನ್ ಇಟ್ಟುಕೊಂಡು ಇಪ್ಪತ್ತು ಗಂಟೆಯಿಂದ ಪಾರಾದವರೂ ಈ ಕಡ್ಡಾಯ ವಿಷಯಗಳಿಂದ ಪಾರಾಗುವುದಿಲ್ಲ.

ನನ್ನ ಈ ಸಲದ ಲೆಕ್ಕ ಹೀಗಿದೆ. ಕಾನೂನು ಎರಡು, ವಯಸ್ಸಾದವರ ಆರೈಕೆ ಎರಡು. ಉಳಿದ ಹದಿನಾರರಲ್ಲಿ ಇಸಿಜಿಗೆ ಆರು, ಹಾರ್ಟ್ ಫೇಲ್ಯೂರ್‌ಗೆ ನಾಲ್ಕು, ಔಷಧಿಗಳ ಬಗ್ಗೆ ಆರು. ಕಳ್ಳಸಾಗಣೆಯ ಕೋರ್ಸನ್ನು ಬೇರೆಯಾಗಿಯೇ ಇಟ್ಟಿದ್ದೇನೆ, ಇಪ್ಪತ್ತರಲ್ಲಿ ಸೇರಿಸಿಲ್ಲ. ತಿಂಗಳಿಗೆ ಒಂದು ಗಂಟೆಯಂತೆ ಮಾಡಿದರೂ ಎರಡು ವರ್ಷಕ್ಕೆ ಇಪ್ಪತ್ತನಾಲ್ಕಾಗುತ್ತದೆ. ಎಲ್ಲಕ್ಕೂ ದುಡ್ಡು ಸುರಿಯಬೇಕಾಗಿಲ್ಲ. ಬಹಳಷ್ಟು ಆಸ್ಪತ್ರೆಗಳು ಸಿಇ ತಾಣಗಳಿಗೆ ಚಂದಾ ಕಟ್ಟಿರುತ್ತವೆ, ನಾವೇ ಕೇಳಿರುವುದಿಲ್ಲ. ಎಜುಕೇಟರ್ ಹತ್ತಿರ ಒಮ್ಮೆ ವಿಚಾರಿಸಿ.

ಸರ್ಟಿಫಿಕೇಟ್ ಎಲ್ಲಿಡುತ್ತೀರಿ?

ರಿನೀವಲ್ ದಿನ ಬೋರ್ಡ್ ಒಂದೂ ಸರ್ಟಿಫಿಕೇಟ್ ಕೇಳುವುದಿಲ್ಲ. "ನಿಯಮದಂತೆ ಸಿಇ ಮುಗಿಸಿದ್ದೀರಾ?" ಅಂತ ಪ್ರಶ್ನೆ, ಹೌದು ಅಂತ ಗುರುತು, ಅಷ್ಟೇ. ಅದನ್ನು ನೋಡಿ ಕೆಲವರು ಇಷ್ಟೇನಾ ಅಂದುಕೊಳ್ಳುತ್ತಾರೆ. ಆ ಹೌದು ಅನ್ನುವುದು ನಿಮ್ಮ ಸಹಿಗೆ ಸಮ. ಆಮೇಲೆ ಬೋರ್ಡ್ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಆಡಿಟ್ ಮಾಡುತ್ತದೆ. ಆಗ ಕಾಗದ ತೋರಿಸಬೇಕು. ಇಲ್ಲದ ಗಂಟೆಗೆ ಹೌದು ಅಂದದ್ದು ಗೊತ್ತಾದರೆ ಅದು ಗಂಟೆ ಕಮ್ಮಿಯಾದ ಸಮಸ್ಯೆಯಾಗಿ ಉಳಿಯುವುದಿಲ್ಲ, ಸುಳ್ಳು ಹೇಳಿದ ಸಮಸ್ಯೆಯಾಗುತ್ತದೆ.

ಎರಡು ರಿನೀವಲ್ ಅವಧಿ, ಅಂದರೆ ನಾಲ್ಕು ವರ್ಷ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು ಅನ್ನುವುದು ನಿಯಮ. ಆರು ವರ್ಷಕ್ಕೊಮ್ಮೆ ಬರುವ ಕಾನೂನಿನ ಸರ್ಟಿಫಿಕೇಟನ್ನು ಅದಕ್ಕಿಂತ ಜಾಸ್ತಿ ಇಡಿ. ಇಆರ್‌ನ ಸಾಕ್ಷ್ಯ ಸಂಗ್ರಹದ್ದನ್ನು ಎಸೆಯಲೇಬೇಡಿ.

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ಬಿಡುವುದು ದೊಡ್ಡ ತಪ್ಪು. ಕೆಲಸ ಬಿಟ್ಟ ದಿನ ಲಾಗಿನ್ ಹೋಗುತ್ತದೆ, ಅದರ ಜೊತೆ ನಿಮ್ಮ ಹದಿನೆಂಟು ಗಂಟೆಯೂ ಹೋಗುತ್ತದೆ. ನಾನು ಕೋರ್ಸ್ ಮುಗಿದ ತಕ್ಷಣ ಪಿಡಿಎಫ್ ಇಳಿಸಿ, ನನ್ನ ಸ್ವಂತ ಇಮೇಲಿಗೆ ಕಳಿಸಿಕೊಂಡು, ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರಿಗೆ ಹಾಕುತ್ತೇನೆ. ಫೈಲಿನ ಹೆಸರು ತಾರೀಖು, ವಿಷಯ, ಗಂಟೆ. ಅದನ್ನು ಓದಿದರೇ ಒಟ್ಟು ಗೊತ್ತಾಗುತ್ತದೆ. ಇಳಿಸುವ ಮುಂಚೆ ಐದು ವಿಷಯ ನೋಡಿಕೊಳ್ಳಿ: ನಿಮ್ಮ ಹೆಸರು, ಕೋರ್ಸಿನ ಹೆಸರು, ತಾರೀಖು, ಎಷ್ಟು ಗಂಟೆ, ಯಾರು ಕೊಟ್ಟರು ಮತ್ತು ಅವರ ಮಾನ್ಯತೆ ಯಾರದು.

ಹೆಸರಿನ ಬಗ್ಗೆ ನಮ್ಮ ಕಡೆಯವರು ಎರಡು ಸಲ ನೋಡಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಸವಿತಾ ಎಚ್. ಆರ್. ಅಂತ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಎಚ್ ಅಂದರೆ ಊರು, ಆರ್ ಅಂದರೆ ಅಪ್ಪನ ಹೆಸರು ಅಂತ ಬಿಡಿಸಿ ಬರೆಸಿರುತ್ತಾರೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಕೊಳ್ಳುತ್ತದೆ. ಸಿಇ ತಾಣದಲ್ಲಿ ಆತುರದಲ್ಲಿ ಬರೀ ಸವಿ ಅಂತ ಹಾಕಿರುತ್ತಾರೆ. ನಾಲ್ಕು ಹೆಸರಿನ ಒಬ್ಬಳೇ ನರ್ಸ್! ಆಡಿಟ್ ಮಾಡುವವರಿಗೆ ಹಾಸನವೂ ಗೊತ್ತಿಲ್ಲ, ಅಪ್ಪ ರಾಮೇಗೌಡರೂ ಗೊತ್ತಿಲ್ಲ. ಲೈಸೆನ್ಸಿನಲ್ಲಿ ಇರುವ ಹೆಸರು ಅಕ್ಷರ ಅಕ್ಷರ ಹೇಗಿದೆಯೋ ಹಾಗೇ ಎಲ್ಲ ಕಡೆ ಹಾಕಿ. ಹೆಸರು ಅಥವಾ ವಿಳಾಸ ಬದಲಾದರೆ 10 ದಿನದೊಳಗೆ ಬೋರ್ಡ್‌ಗೆ ತಿಳಿಸಬೇಕು.

ಪೋರ್ಟಲ್ ಮುಂದೆ ಕೂತಾಗ

ಟೆಕ್ಸಸ್ ನರ್ಸ್ ಪೋರ್ಟಲ್‌ಗೆ ಹೋಗಿ ಲಾಗಿನ್ ಆಗಿ. ಹಳೆಯ ಖಾತೆ ಇದ್ದರೆ ಹೊಸದು ತೆರೆಯಬೇಡಿ, ಪಾಸ್‌ವರ್ಡ್ ಮರೆತಿದ್ದರೆ ಬದಲಿಸಿಕೊಳ್ಳಿ. ಇಮೇಲ್ ವಿಳಾಸ ನಿಮ್ಮ ಸ್ವಂತದ್ದಾಗಿರಲಿ. ಆಸ್ಪತ್ರೆಯ ಇಮೇಲ್ ಕೊಟ್ಟಿದ್ದರೆ ಕೆಲಸ ಬದಲಾದ ಮೇಲೆ ಆಡಿಟ್ ಪತ್ರ ಯಾರೂ ತೆರೆಯದ ಡಬ್ಬಿಗೆ ಬೀಳುತ್ತದೆ.

ವಿಳಾಸ, ಕೆಲಸದ ವಿವರ ಆದಮೇಲೆ ನಿಮ್ಮ ವಾಸದ ರಾಜ್ಯ ಯಾವುದು ಅಂತ ಕೇಳುತ್ತಾರೆ. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಟೆಕ್ಸಸ್ ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್ ಅನ್ನುವ ಒಪ್ಪಂದದಲ್ಲಿದೆ. ಮನೆ ಟೆಕ್ಸಸ್‌ನಲ್ಲಿದ್ದು ಮಲ್ಟಿಸ್ಟೇಟ್ ಲೈಸೆನ್ಸ್ ಇದ್ದರೆ ಒಪ್ಪಂದದ ಬೇರೆ ರಾಜ್ಯಗಳಲ್ಲೂ ಕೆಲಸ ಮಾಡಬಹುದು.

ಮುಂದೆ ಅಪರಾಧ, ಶಿಸ್ತು ಕ್ರಮ, ಆರೋಗ್ಯದ ಪ್ರಶ್ನೆಗಳು. ನಿಧಾನವಾಗಿ ಓದಿ. ಸ್ಪೀಡಿಂಗ್ ಟಿಕೆಟ್‌ನಂಥ ಸಣ್ಣ ಟ್ರಾಫಿಕ್ ದಂಡ ಹೇಳಬೇಕಾಗಿಲ್ಲ. ಕುಡಿದು ಗಾಡಿ ಓಡಿಸಿದ ಕೇಸ್ ಟ್ರಾಫಿಕ್ ಟಿಕೆಟ್ ಅಲ್ಲ, ಹೇಳಬೇಕು. ವಕೀಲರು "ಕೇಸ್ ಮುಗಿದುಹೋಯಿತು" ಅಂದಿದ್ದರೂ ಬೋರ್ಡ್‌ನ ಪ್ರಶ್ನೆ ಬೇರೆ ಇರಬಹುದು. ಅನುಮಾನ ಇದ್ದರೆ ಆ ಪುಟದಲ್ಲೇ ನಿಲ್ಲಿಸಿ, ಲೈಸೆನ್ಸ್ ವಿಷಯ ಬಲ್ಲ ವಕೀಲರನ್ನು ಕೇಳಿ ಆಮೇಲೆ ಮುಂದುವರಿಸಿ.

ಕಾರ್ಡಿನಲ್ಲಿ ಶುಲ್ಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕೆಲವು ಆಸ್ಪತ್ರೆಗಳು ಆ ದುಡ್ಡು ವಾಪಸ್ ಕೊಡುತ್ತವೆ. ಒಂದೆರಡು ದಿನ ಬಿಟ್ಟು ಬೋರ್ಡ್‌ನ ತಾಣದಲ್ಲಿ ನಿಮ್ಮ ಹೆಸರು ಹಾಕಿ ಹೊಸ ತಾರೀಖು ಬಂದಿದೆಯಾ ನೋಡಿ. ದುಡ್ಡು ಕಟ್ಟಿದ್ದು ರಿನೀವಲ್ ಅಲ್ಲ, ತಾರೀಖು ಬದಲಾದದ್ದು ರಿನೀವಲ್.

ತಡವಾದರೆ, ಊರಿಗೆ ಹೋದರೆ, ಮನೆ ಬದಲಾದರೆ

ಟೆಕ್ಸಸ್‌ನಲ್ಲಿ ಗ್ರೇಸ್ ಪೀರಿಯಡ್ ಅಂತ ಇಲ್ಲ. ಆಗಸ್ಟ್ 31ರ ಸಂಜೆ ಏಳಕ್ಕೆ ಶಿಫ್ಟ್ ಹತ್ತಿದ್ದೀರಿ ಅಂದುಕೊಳ್ಳಿ. ರಿನೀವ್ ಆಗಿಲ್ಲ. ಹನ್ನೆರಡು ಹೊಡೆದ ಮೇಲೆ ನೀವು ಕೊಡುವ ಒಂದು ಮಾತ್ರೆಯೂ ಲೈಸೆನ್ಸ್ ಇಲ್ಲದೆ ಕೊಟ್ಟದ್ದೇ. ರೋಗಿ ಅದೇ, ಕೋಣೆ ಅದೇ, ನೀವು ಮಾತ್ರ ನರ್ಸ್ ಅಲ್ಲ. ಅಂಥ ಪರಿಸ್ಥಿತಿ ಬಂದರೆ ಮುಚ್ಚಿಡದೆ ಮ್ಯಾನೇಜರಿಗೆ ಹೇಳಿ ಕೆಲಸದಿಂದ ಕೆಳಗಿಳಿಯಿರಿ. ತಡವಾಗಿಯೂ ರಿನೀವ್ ಮಾಡಬಹುದು, ಮೇಲೆ ದಂಡ ಸೇರುತ್ತದೆ. ಆದರೆ ನಾಲ್ಕು ವರ್ಷ ದಾಟಿ, ಆ ನಾಲ್ಕು ವರ್ಷ ನರ್ಸಿಂಗ್ ಕೂಡ ಮಾಡಿಲ್ಲ ಅಂದರೆ ರಿಫ್ರೆಶರ್ ಕೋರ್ಸ್ ದಾರಿ ಹಿಡಿಯಬೇಕು. ಅದು ವಾರಗಟ್ಟಲೆ ಸಮಯ ಕೇಳುತ್ತದೆ.

ಬಾಣಂತನಕ್ಕೋ, ಅಪ್ಪ ಅಮ್ಮನನ್ನು ನೋಡಿಕೊಳ್ಳಲೋ ವರ್ಷಗಟ್ಟಲೆ ಊರಿಗೆ ಹೋಗುವವರು ಲೈಸೆನ್ಸನ್ನು ಸುಮ್ನೆ ಸಾಯಲು ಬಿಡಬೇಡಿ. ಅವಧಿ ಮುಗಿಯುವ ಮುಂಚೆಯೇ ಇನ್‌ಆಕ್ಟಿವ್ ಮಾಡಿಸಿ. ಆಗ ಕೆಲಸ ಮಾಡುವಂತಿಲ್ಲ, ಆದರೆ ನೀವು ಮರೆತು ಬಿಟ್ಟವರೂ ಅಲ್ಲ. ನಾಲ್ಕು ವರ್ಷದೊಳಗೆ ವಾಪಸ್ ಬಂದರೆ ಇಪ್ಪತ್ತು ಗಂಟೆ ಮುಗಿಸಿ, ಶುಲ್ಕ ಕಟ್ಟಿ ಮತ್ತೆ ಶುರು ಮಾಡಬಹುದು. ಕೋರ್ಸ್‌ಗಳನ್ನು ಊರಿನಲ್ಲೇ ಕೂತು ಆನ್‌ಲೈನ್ ಮಾಡಬಹುದು, ಕರೆಂಟ್ ಇದ್ದರೆ.

ಮನೆಯನ್ನೇ ಬೇರೆ ರಾಜ್ಯಕ್ಕೆ ಬದಲಿಸಿದರೆ ಕಥೆ ಬೇರೆ. ಕಾಂಪ್ಯಾಕ್ಟ್ ರಾಜ್ಯಕ್ಕೆ ಹೋದರೆ 60 ದಿನದೊಳಗೆ ಅಲ್ಲಿ ಅರ್ಜಿ ಹಾಕಬೇಕು. ಟ್ರಾವೆಲ್ ನರ್ಸ್ ಆಗಿ ಹದಿಮೂರು ವಾರಕ್ಕೆ ಹೋಗುವುದು ಮನೆ ಬದಲಿಸಿದ ಹಾಗಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಈ ಒಪ್ಪಂದದಲ್ಲಿಲ್ಲ. ಅಲ್ಲಿಗೆ ಹೋಗುವುದಾದರೆ ಆ ರಾಜ್ಯದ ಲೈಸೆನ್ಸ್ ಕೈಗೆ ಬರುವವರೆಗೆ ಕೆಲಸಕ್ಕೆ ಸೇರುವಂತಿಲ್ಲ. ಅರ್ಜಿ ಹಾಕಿ ಆಮೇಲೆ ಟ್ರಕ್ ಬುಕ್ ಮಾಡಿ.

ಇನ್ನೊಂದು ವಿಷಯ ಬಾಕಿ ಇದೆ. "ಬೋರ್ಡ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಲೈಸೆನ್ಸ್ ಸಸ್ಪೆಂಡ್ ಆಗಿದೆ, ಈಗಲೇ ಹಣ ಕಳಿಸಿ" ಅಂತ ಫೋನ್ ಬರುತ್ತದೆ. ನಂಬರ್ ಕೂಡ ಬೋರ್ಡ್‌ನದ್ದೇ ಅನ್ನಿಸುವ ಹಾಗೆ ಕಾಣುತ್ತದೆ. ನಮ್ಮ ಫ್ಲೋರಿನ ಹೊಸ ಹುಡುಗಿಗೆ ಬಂದಿತ್ತು. ವೀಸಾ, ಸಾಲ, ಊರಿನ ಮನೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಕೈ ನಡುಗುತ್ತಾ ನನ್ನ ಹತ್ತಿರ ಓಡಿ ಬಂದಳು. "ಅಕ್ಕಾ, ನನ್ನ ಲೈಸೆನ್ಸ್ ಹೋಯ್ತು." ಅವಳ ಫೋನ್ ಕಟ್ ಮಾಡಿಸಿ, ಸ್ಟೇಷನ್ನಿನ ಕಂಪ್ಯೂಟರಿನಲ್ಲಿ ಬೋರ್ಡ್‌ನ ತಾಣ ತೆರೆದು ಅವಳ ಹೆಸರು ಹಾಕಿದೆವು. ಲೈಸೆನ್ಸ್ ಚಾಲ್ತಿಯಲ್ಲಿತ್ತು, ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿತ್ತು. ನೀರು ಕುಡಿಸಿದೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೇಳಿದೆ, "ಎಷ್ಟು ಗಂಟೆ ಆಗಿದೆ ನಿಂದು?" ಗಡಿಯಾರ ನೋಡಿ ಟೈಮ್ ಹೇಳಿದಳು.